ಕೋಳಿ ಕಾಯುವ ಟ್ಯಾಂಕುಗಳು

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಹಳೆಯ ಆಟ ಹಾಕಿಕೊಂಡು ಕುಳಿತಿದ್ದಳು. ನಾನು ಒಳಗೆ ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಆಟ ಶುರುವಾಗುವಾಗ ಬರುವ ಆ ಪುಟ್ಟ ರಾಗ ಕಿವಿಗೆ ಬಿದ್ದದ್ದೇ ತಡ, ಕೈ ಕೂಡ ತೊಳೆಯದೆ ಓಡಿ ಬಂದೆ. ಹೌದು, ಅದೇ. ಕಪ್ಪು ಪರದೆ, ಇಟ್ಟಿಗೆಯ ಗೋಡೆಗಳು, ಒಂದು ಹಳದಿ ಟ್ಯಾಂಕು. ಮಗಳ ಪ್ರಕಾರ ಅದೊಂದು ಬೋರಿಂಗ್ ಗೇಮು. ನನಗೆ ರೇಗಿತು. ನನ್ನ ಸಾರನ್ನು ಬೇಕಾದರೆ ಬೈಯಲಿ, ಆ ಆಟವನ್ನು ಬೈದರೆ ನಾನು ಕೇಳಿಕೊಂಡು ಕೂರುವವಳಲ್ಲ. ಮೊಬೈಲು ಕಿತ್ತುಕೊಂಡು ಆಡಿಯೇ ತೋರಿಸುತ್ತೇನೆಂದು ಹೊರಟೆ. ಗಾಜಿನ ಮೇಲೆ ಹೆಬ್ಬೆರಳು ಜಾರಿ, ನಾನು ಕಾಯಬೇಕಾಗಿದ್ದ ಜಾಗಕ್ಕೆ ನಾನೇ ಗುಂಡು ಹೊಡೆದು ಆಟ ಮುಗಿಸಿಬಿಟ್ಟೆ. ಮೊಬೈಲಿಗೆಲ್ಲ ಮೀನಿನ ವಾಸನೆ ಹತ್ತಿತೆಂದು ಮಗಳು ರಾತ್ರಿವರೆಗೂ ಮುಖ ಊದಿಸಿಕೊಂಡಿದ್ದಳು.

ಅದು ಒಬ್ಬರೇ ಆಡುವ ಆಟವಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು? ಪಕ್ಕದಲ್ಲಿ ಇನ್ನೊಬ್ಬರ ಮೊಣಕೈ ತಾಗುತ್ತಿರಬೇಕು. ನನಗೆ ತಾಗುತ್ತಿದ್ದದ್ದು ನನ್ನ ಅತ್ತೆಯ ಮೊಣಕೈ.

ನಾನು ಇಚಿಲಂಪಾಡಿಯವಳು. ಮದುವೆಯಾಗಿ ಪುತ್ತೂರಿಗೆ ಬಂದೆ. ನಮ್ಮದು ಬ್ಯಾರಿ ಮನೆ. ಮನೆಯ ಮಾತೂ ಬ್ಯಾರಿ, ಇಲ್ಲಿ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾವನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಗಂಡನಿಗೆ ಗಲ್ಫಿನಲ್ಲಿ ಕೆಲಸ. ಮದುವೆಯ ನಂತರದ ಮೊದಲ ರಜೆಗೆ ಗಂಡ ಬಂದಾಗ, ಸೆಂಟು, ಸೀರೆ ಏನಾದರೂ ಬರುತ್ತದೆಂದು ಕಾದು ಕುಳಿತಿದ್ದೆ. ಪೆಟ್ಟಿಗೆಯಿಂದ ಹೊರಬಂದದ್ದು ಟಿವಿಗೆ ಸಿಕ್ಕಿಸಿ ಆಡುವ ಬೂದು ಬಣ್ಣದ ಡಬ್ಬ, ವಯರಿನ ತುದಿಯಲ್ಲಿ ಗುಂಡಿಗಳಿರುವ ಎರಡು ಹಿಡಿಗಳು, ಒಂದು ಹಳದಿ ಕ್ಯಾಸೆಟ್ಟು. ಬೇಸರವನ್ನು ಮುಚ್ಚಿಟ್ಟುಕೊಳ್ಳಲು ನನಗೆ ಬರುವುದಿಲ್ಲ, ಮುಖದಲ್ಲೇ ಕಾಣಿಸಿತು. ಆದರೆ ಆ ರಜೆ ಮುಗಿಯುವಷ್ಟರಲ್ಲಿ ನಾವಿಬ್ಬರೂ ಅದಕ್ಕೆ ಅಂಟಿಕೊಂಡಿದ್ದೆವು. ಗಂಡ ತಿರುಗಿ ಹೋದ ಮೇಲೆ ಎರಡನೆಯ ಹಿಡಿ ಹಾಗೇ ಚಾಪೆಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿಡಲು ನನಗೆ ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ಉಮ್ಮ ಬಂದು, ಅತ್ತೆಯನ್ನು ನಾನು ಹಾಗೇ ಕರೆಯುವುದು, ಪಕ್ಕದಲ್ಲಿ ಕುಳಿತು ಅದನ್ನು ಕೈಗೆತ್ತಿಕೊಂಡರು. ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿಯೂ ನೋಡದವರಂತೆ, ಯಾವ ಗುಂಡಿ ಎಂತಕ್ಕೆ ಎಂದು ಕೇಳಿದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪರದೆಯ ಕೆಳಗೆ, ನಡುಮಧ್ಯದಲ್ಲಿ, ಇಟ್ಟಿಗೆಯ ಸಣ್ಣ ಗೂಡೊಳಗೆ ಒಂದು ಹಕ್ಕಿ ಇರುತ್ತದೆ. ಅದರ ಆಚೆ ಈಚೆ ನಮ್ಮ ಎರಡು ಟ್ಯಾಂಕುಗಳು, ಒಂದು ಹಳದಿ, ಒಂದು ಹಸಿರು. ಶತ್ರುವಿನ ಟ್ಯಾಂಕುಗಳು ಮೇಲಿನ ಅಂಚಿನಿಂದ ಒಂದೊಂದಾಗಿ ಇಳಿದು ಬರುತ್ತವೆ. ನಾವು ಸತ್ತರೂ ಮತ್ತೆ ಹುಟ್ಟುತ್ತೇವೆ, ಹಕ್ಕಿಗೆ ಗುಂಡು ತಾಗಿದರೆ ಮಾತ್ರ ಕಥೆ ಮುಗಿಯಿತು. ಅದು ಹದ್ದು ಎಂದು ಗಂಡ ಹೇಳಿಕೊಟ್ಟಿದ್ದರು. ಉಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ಅದು ಕೋಳಿ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕೋಳಿಯೇ. ಜಗತ್ತಿನ ಉಳಿದವರು ಯುದ್ಧ ಮಾಡುತ್ತಿದ್ದರೆ ನಾವಿಬ್ಬರೂ ಕೋಳಿ ಕಾಯುತ್ತಿದ್ದೆವು.

ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದಿಟ್ಟರೆ ಇಳಿಹೊತ್ತಿನ ಅಸರ್ ನಮಾಜಿನ ಬಾಂಗಿನವರೆಗೆ ನಮ್ಮ ಹೊತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವ ಕೆಲಸ ಉಮ್ಮನದು; ನಾನು ಊದಿದರೆ ಹಿಡಿಯುವುದಿಲ್ಲವೆಂದು ಅವರ ನಂಬಿಕೆ. ಬಾಂಗ್ ಕೇಳಿದ ಕೂಡಲೇ, ಗುಂಡು ಗಾಳಿಯಲ್ಲಿದ್ದರೂ ಸರಿ, ಆಟ ನಿಲ್ಲಿಸಿ ತಲೆಗೆ ಸೆರಗು ಎಳೆದುಕೊಳ್ಳುವರು. ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗಿದರೆ, ತಾಗಿದವರು ಸ್ವಲ್ಪ ಹೊತ್ತು ಮಿಣಮಿಣ ಎನ್ನುತ್ತಾ ನಿಂತಲ್ಲೇ ನಿಲ್ಲಬೇಕಿತ್ತು. ಉಮ್ಮ ಜನ್ಮದಲ್ಲಿ ನನಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಆದರೆ ಸಾರಿಗೆ ಉಪ್ಪು ಜಾಸ್ತಿಯಾದ ದಿನ ಮಧ್ಯಾಹ್ನ ನನ್ನ ಟ್ಯಾಂಕಿಗೆ ಹಿಂದಿನಿಂದ ಗುಂಡುಗಳು ತುಂಬ ಬೀಳುತ್ತಿದ್ದವು. ಕೇಳಿದರೆ ಕೈತಪ್ಪಿತು ಎನ್ನುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ, ನನ್ನ ಕೈಯೂ ಆಗಾಗ ತಪ್ಪುತ್ತಿತ್ತು. ಅತ್ತೆ ಸೊಸೆಯ ಜಗಳವೆಲ್ಲ ಅಲ್ಲೇ ತೀರಿಹೋಗುತ್ತಿದ್ದುದರಿಂದ ಅಡುಗೆಮನೆಗೆ ಏನೂ ಉಳಿಯುತ್ತಿರಲಿಲ್ಲ.

ಆಟದ ಪಟ್ಟಿಯಲ್ಲಿ ಒಬ್ಬರು, ಇಬ್ಬರು ಎಂಬುದರ ಕೆಳಗೆ ಮೂರನೆಯದೊಂದು ಸಾಲು ಇತ್ತು. ಅದು ಎಂತದು ಎಂದು ಉಮ್ಮ ದಿನಾ ಕೇಳುತ್ತಿದ್ದರು. ಒತ್ತಿ ನೋಡಿದರೆ ಖಾಲಿ ಮೈದಾನ. ಗುಂಡಿ ಒತ್ತಿದಲ್ಲೆಲ್ಲ ನಮಗೆ ಬೇಕಾದ ಹಾಗೆ ಇಟ್ಟಿಗೆ, ಒಡೆಯಲಾಗದ ಬಿಳಿ ಕಲ್ಲು, ನೀರು, ಗಿಡ ಇಡಬಹುದಿತ್ತು. ಇಟ್ಟಾದ ಮೇಲೆ ಅದೇ ಮೈದಾನದಲ್ಲಿ ಆಡಬಹುದು. ಕೋಳಿಯನ್ನು ಮಾತ್ರ ಜಾಗ ಬದಲಿಸಲು ಬಿಡುತ್ತಿರಲಿಲ್ಲ.

ಇದೇ ಸಮಯದಲ್ಲಿ ನಮ್ಮ ಹೊಸ ಮನೆಯ ಪ್ಲಾನು ಬಂತು. ಪೇಟೆಯಿಂದ ಹೊರಗೆ, ಪಂಜದ ಕಡೆಗೆ ಹೋಗುವ ರಸ್ತೆಯ ಬದಿ ಜಾಗ ತೆಗೆದಿಟ್ಟದ್ದು ಮೊದಲೇ ಇತ್ತು. ಇಂಜಿನಿಯರು ಬರೆದ ಪ್ಲಾನನ್ನು ಮಾವ ಜಗಲಿಯಲ್ಲಿ ನೆಂಟರಿಷ್ಟರಿಗೆಲ್ಲ ಹರಡಿ ತೋರಿಸಿದರು. ಗಲ್ಫಿನಿಂದ ಗಂಡ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಆಮೇಲೆ ಪ್ಲಾನು ಸುರುಳಿಯಾಗಿ ಕಪಾಟಿನ ಮೇಲೆ ಹೋಯಿತು. ಆ ಮನೆಯಲ್ಲಿ ಹಗಲಿಡೀ ಇರಬೇಕಾದ ನಮ್ಮಿಬ್ಬರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ, ಕೆಟ್ಟವರೇನಲ್ಲ. ನನಗಂತೂ ಮೈಯೆಲ್ಲ ಉರಿಯಿತು. ಉಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಅದರಲ್ಲಿ ಎಂತ ಬರೆದಿದೆ, ಸ್ವಲ್ಪ ತೋರಿಸು ಎಂದರು.

ಗೆರೆ, ಬಾಣ, ಅಡಿ ಲೆಕ್ಕ ಅವರ ತಲೆಗೆ ಹತ್ತಲಿಲ್ಲ. ಆಗ ನನಗೆ ಟಿವಿಯ ಮೈದಾನ ನೆನಪಾಯಿತು. ಮೇಲಿನ ಅಂಚು ರಸ್ತೆ ಎಂದುಕೊಳ್ಳುವುದು. ಒಳಗೋಡೆಗೆ ಇಟ್ಟಿಗೆ, ಹೊರಗೋಡೆಗೆ ಬಿಳಿ ಕಲ್ಲು, ಬಾವಿಗೆ ನೀರು, ಹಲಸಿನ ಮರಕ್ಕೆ ಗಿಡ. ಎದುರಿಗೆ ಗಂಡಸರು ಕೂರುವ ಸಿಟೌಟು, ಅದರ ಹಿಂದೆ ಚಾವಡಿ, ಕೋಣೆಗಳು, ಕಟ್ಟಕಡೆಗೆ ಕೆಳಗಿನ ಅಂಚಿನಲ್ಲಿ ಅಡುಗೆಮನೆ. ಕೋಳಿಯ ಗೂಡಿಗೆ ತಾಗಿಯೇ. ನಿಜದ ಜಾಗದಲ್ಲಿ ಆ ಅಡುಗೆಮನೆಯ ಹಿಂದೆ ಗುಡ್ಡ ಕಡಿದ ಮಣ್ಣಿನ ಗೋಡೆ, ಕಿಟಕಿ ತೆರೆದರೆ ಕಾಣುವುದು ಅದೊಂದೇ.

ಉಮ್ಮ ತುಂಬ ಹೊತ್ತು ನೋಡಿದರು. "ಅಡಿಗೆಮನೆ ಎದುರಿಗೆ ಬೇಕು ಮಗಳೇ. ರಸ್ತೆ ಕಾಣ್ಬೇಕು," ಎಂದರು.

ನಾನು ನಕ್ಕೆ. ನಮ್ಮ ಕಡೆ ಎದುರು ಎಂದರೆ ಗಂಡಸರದು. ಎದುರಿಗೆ ಅಡುಗೆಮನೆ ಇಟ್ಟವರನ್ನು ನಾನು ಕಂಡಿರಲಿಲ್ಲ. ಕೋಳಿಯೂ ಹಿಂದೆಯೇ ಉಂಟಲ್ಲ, ಅದನ್ನು ಅಲುಗಿಸಲು ಆಗುವುದಿಲ್ಲವಲ್ಲ ಎಂದೆ. ಕೋಳಿ ಬೇಕಾದರೆ ಅಲ್ಲೇ ಇರಲಿ, ತಾನು ಮೇಲೆ ಹೋಗುತ್ತೇನೆ ಎಂದು ಉಮ್ಮ ಹಿಡಿ ತೆಗೆದುಕೊಂಡು ಸಿಟೌಟಿನ ಎಡಬದಿಯಲ್ಲಿ ಇಟ್ಟಿಗೆ ಇಡತೊಡಗಿದರು.

ಸ್ವಿಚ್ಚು ತೆಗೆದರೆ ಕಟ್ಟಿದ್ದೆಲ್ಲ ಅಳಿಸಿಹೋಗುತ್ತಿತ್ತು. ಕರೆಂಟು ಹೋದರೂ ಅಷ್ಟೆ, ಪುತ್ತೂರಿನ ಕರೆಂಟಂತೂ ಕೇಳುವುದೇ ಬೇಡ. ಹಾಗಾಗಿ ಉಮ್ಮ ದಿನಾ ಮೊದಲಿಂದ ಮನೆ ಕಟ್ಟುತ್ತಿದ್ದರು. ದಿನಾ ಏನಾದರೊಂದು ಸುಧಾರಣೆ: ಇವತ್ತು ಬಾವಿಗೆ ಹೋಗಲು ಬಾಗಿಲು, ನಾಳೆ ಹೊಗೆ ಸಿಟೌಟಿಗೆ ಬಾರದ ಹಾಗೆ ನಡುವೆ ಗೋಡೆ. ಅಡುಗೆಮನೆಯ ಜಾಗ ಮಾತ್ರ ಒಂದು ದಿನವೂ ಬದಲಾಗಲಿಲ್ಲ. ಹೊಸ ಮನೆಯ ಪ್ರತಿಯೊಂದು ಗೋಡೆ ಅವರಿಗೆ ಬಾಯಿಪಾಠವಾಗಿತ್ತು. ಇಷ್ಟೆಲ್ಲ ಆದರೂ ಮಾವನ ಹತ್ತಿರ ಮಾತ್ರ ಬಾಯಿ ಬಿಡಲಿಲ್ಲ, ನನ್ನನ್ನೂ ಬಿಡಲು ಬಿಡಲಿಲ್ಲ. ಮಗ ಬರಲಿ ಎಂದರು.

ಪಾಯ ಹಾಕಿಸುವುದಕ್ಕೆಂದು ಗಂಡ ರಜೆ ಹಾಕಿ ಬಂದರು. ಬಂದ ಮರುದಿನ ಊಟವಾದ ಮೇಲೆ ಉಮ್ಮ ಅವರನ್ನು ಆಡಲು ಕರೆದರು. ಎರಡನೆಯ ಹಿಡಿಯನ್ನು ಅವರಿಗೆ ಕೊಟ್ಟು ನಾನು ಬಾಗಿಲ ಹತ್ತಿರ ಕುಳಿತೆ. ಉಮ್ಮ ಕಟ್ಟಿದ್ದು ತಮ್ಮ ಮನೆಯನ್ನಲ್ಲ, ಇಂಜಿನಿಯರಿನ ಪ್ಲಾನನ್ನು, ಇದ್ದದ್ದು ಇದ್ದ ಹಾಗೆ. ಮಗನ ಹಸಿರು ಟ್ಯಾಂಕು ಹುಟ್ಟುವ ಜಾಗದ ಸುತ್ತ ಬಿಳಿ ಕಲ್ಲು ಜೋಡಿಸಿದರು. ಆಟ ಶುರುವಾಯಿತು. ಗಂಡ ಮೇಲೆ ಹೊಡೆದರು, ಕಲ್ಲು ಅಲುಗಲಿಲ್ಲ. ಬಲಕ್ಕೆ ಹೊಡೆದರು, ಅದೂ ಇಲ್ಲ. ತೆರೆದದ್ದು ಎಡಬದಿ ಒಂದೇ, ಅಲ್ಲಿ ಹೊಡೆದರೆ ನಮ್ಮದೇ ಕೋಳಿಗೆ ತಾಗುತ್ತದೆ. ಉಮ್ಮ ಒಬ್ಬರೇ ಅಷ್ಟು ಹೊತ್ತು ಹೋರಾಡಿದರು, ಕೊನೆಗೆ ಕೋಳಿ ಹೋಯಿತು.

"ಇದೆಂತ ಉಮ್ಮ, ನನಗೆ ಅಲುಗಾಡ್ಲಿಕ್ಕೇ ಜಾಗ ಇಲ್ಲ," ಎಂದು ಗಂಡ ನಕ್ಕರು.

"ಅದು ನಿನ್ನ ಪ್ಲಾನಿನ ಅಡಿಗೆಮನೆ," ಎಂದರು ಉಮ್ಮ.

ಗಂಡನ ನಗು ನಿಂತಿತು. ಉಮ್ಮ ಅವರ ಕಡೆ ತಿರುಗಲಿಲ್ಲ. ಹಿಡಿಯ ಗುಂಡಿಯ ಮೇಲೆ ಬೆರಳು ಇಟ್ಟುಕೊಂಡು, ಪರದೆಯನ್ನೇ ನೋಡುತ್ತಾ ಹೇಳಿದರು. "ನೀನು ಪ್ರತಿ ಸಲ ಬರುವಾಗ ಎದುರಿಗೆ ಗಂಡಸರು ಇರ್ತಾರೆ. ಅವರೆಲ್ಲ ನೋಡಿ, ಮಾತಾಡಿ ಆದ ಮೇಲೆ ನೀನು ಒಳಗೆ ಬರುದು. ಬಂದವನನ್ನು ನಾನು ನೋಡಿದ್ದೇನೆ ಮೋನೇ. ನೀನು ಬರುದನ್ನು ಇಷ್ಟರವರೆಗೆ ಒಮ್ಮೆಯೂ ನೋಡ್ಲಿಲ್ಲ."

ನನಗೂ ಗೊತ್ತಿರಲಿಲ್ಲ. ಇಷ್ಟು ಸಮಯ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರೂ ಅವರು ಕಾರಣ ಹೇಳಿರಲಿಲ್ಲ, ನಾನು ಗಾಳಿ ಬೆಳಕಿಗೆ ಎಂದುಕೊಂಡಿದ್ದೆ. ಉಮ್ಮ ಮೈದಾನ ಅಳಿಸಿ ತಮ್ಮ ಮನೆಯನ್ನು, ಹೊಗೆಯ ಗೋಡೆ ಸಮೇತ, ಕಟ್ಟಿ ತೋರಿಸಿದರು. ಗಂಡ ಅದನ್ನು ನೋಡಿ ಎದ್ದು ಹೊರಗೆ ಹೋದರು.

ಸಂಜೆ ಜಗಲಿಯಲ್ಲಿ ಅಪ್ಪ ಮಗನ ನಡುವೆ ಮಾತು ಬೆಳೆಯಿತು. ಎದುರಿಗೆ ಒಲೆ ಇಟ್ಟರೆ ಜನ ಏನೆಂದುಕೊಳ್ಳುತ್ತಾರೆ, ಬಂದವರ ಮೂಗಿಗೆ ಮೀನಿನ ವಾಸನೆ ಬಡಿಯುತ್ತದೆ, ಇಂಜಿನಿಯರೇನು ತಲೆ ಇಲ್ಲದವನಾ ಎಂದು ಮಾವ. ಗಂಡನ ದನಿ ತಗ್ಗಿನಲ್ಲಿತ್ತು, ನಮಗೆ ಕೇಳಿಸಲಿಲ್ಲ. ಕೊನೆಗೆ ಏನಾಯಿತೆಂದು ಇಬ್ಬರೂ ಒಳಗೆ ಬಂದು ಹೇಳಲಿಲ್ಲ. ಮಾವ ಎರಡು ದಿನ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಗೊಣಗಿದರು. ಕೇಳುತ್ತೇನೆಂದು ನಾನು ಹೊರಟರೆ ಉಮ್ಮ ಕೈ ಹಿಡಿದು ಕೂರಿಸಿದರು.

ಪಾಯ ತೆಗೆಯುವ ದಿನ ನಾವೂ ಜಾಗಕ್ಕೆ ಹೋದೆವು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿತ್ತು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಉಮ್ಮ ಚಪ್ಪಲಿ ಬಿಚ್ಚಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಗೆರೆ ಅಳಿಸದ ಹಾಗೆ ನಡೆದರು. ಇದು ಚಾವಡಿ, ಇದು ನಿನ್ನ ಕೋಣೆ, ಇದು ಬಾವಿಯ ಬಾಗಿಲು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಹೋದವರು ಎದುರಿನ ಎಡಮೂಲೆಯಲ್ಲಿ ನಿಂತರು. ಅಲ್ಲಿ ಸಿಟೌಟಿಗೆ ತಾಗಿ ಒಂದು ಚೌಕ ಇತ್ತು. ನಡುವೆ ಹೊಗೆ ತಡೆಯುವ ಗೋಡೆಯ ಗೆರೆಯೂ ಇತ್ತು. ಉಮ್ಮ ತಲೆಯೆತ್ತಿ ರಸ್ತೆಯ ಕಡೆ ನೋಡಿದರು. ಆಗ ನನಗೂ ಅರ್ಥವಾಯಿತು. ಮಾವ ಆಚೆ ನಿಂತು ಮೇಸ್ತ್ರಿಯ ಹತ್ತಿರ ತುಂಬ ಗಂಭೀರವಾಗಿ ಮಾತಾಡುತ್ತಿದ್ದರು, ನಮ್ಮನ್ನು ಕಂಡೇ ಇಲ್ಲವೆಂಬ ಹಾಗೆ.

ಹೊಸ ಮನೆಗೆ ಬಂದ ಮೇಲೆ ಆ ಡಬ್ಬ ಹೆಚ್ಚು ದಿನ ಬಾಳಲಿಲ್ಲ. ಉಮ್ಮ ಎಷ್ಟು ಊದಿದರೂ ಕ್ಯಾಸೆಟ್ಟು ಹಿಡಿಯಲಿಲ್ಲ. ರಿಪೇರಿಯವರು ಅದನ್ನು ನೋಡಿ ನಕ್ಕು ವಾಪಸು ಕೊಟ್ಟರು. ಮಧ್ಯಾಹ್ನಗಳಲ್ಲಿ ಕೆಲವು ಸಮಯ ಕೈ ಖಾಲಿ ಖಾಲಿ ಅನ್ನಿಸಿತು, ಆಮೇಲೆ ಮಗಳು ಹುಟ್ಟಿದಳು, ಪುರುಸೊತ್ತು ಇಲ್ಲದಾಯಿತು. ಜನ ಎಂತದೂ ಹೇಳಲಿಲ್ಲ. ಚಹಾ ಬಿಸಿಯಾಗಿ ಕೈಗೆ ಬರುತ್ತದೆಂದು ಮಾವನೇ ಎಲ್ಲರ ಹತ್ತಿರ ಅಡುಗೆಮನೆಯನ್ನು ಹೊಗಳತೊಡಗಿದರು, ತಾವೇ ಯೋಚಿಸಿ ಮಾಡಿಸಿದ್ದು ಎನ್ನುವ ಧಾಟಿಯಲ್ಲಿ.

ಆ ಮನೆಗೆ ಗಂಡ ಮೊದಲ ಸಲ ರಜೆಯಲ್ಲಿ ಬಂದ ದಿನ ಸಿಟೌಟಿನಲ್ಲಿ ಎಂದಿನಂತೆ ಮಾವ, ಅವರ ತಮ್ಮಂದಿರು, ನೆರೆಕರೆಯವರು. ವಿಮಾನ ಇಳಿದ ಸುದ್ದಿ ಫೋನಿನಲ್ಲಿ ಬಂದಿತ್ತು. ನಾನು ಅಕ್ಕಿ ಹಿಟ್ಟಿನ ಪತ್ತಿರಿ ತಟ್ಟುತ್ತಿದ್ದೆ, ಉಮ್ಮ ಕಿಟಕಿಯ ಹತ್ತಿರ ನಿಂತು ಈರುಳ್ಳಿ ಹೆಚ್ಚುತ್ತಿದ್ದರು. ಸಿಟೌಟಿನಲ್ಲಿ ಅವರೆಲ್ಲ ಮಾತಿನಲ್ಲಿ ಮುಳುಗಿದ್ದಾಗ ಉಮ್ಮನ ಕತ್ತಿ ನಿಂತಿತು. ತಿರುವಿನಲ್ಲಿ ಬಾಡಿಗೆ ಕಾರು ಕಾಣಿಸಿತ್ತು. ಗೇಟಿನ ಹೊರಗೆ ನಿಂತಿತು. ನನ್ನ ಗಂಡ ಇಳಿದರು, ಸೊಂಟ ಹಿಡಿದು ಮೈ ಮುರಿದರು, ಡ್ರೈವರಿನ ಹತ್ತಿರ ಏನೋ ಹೇಳಿದರು, ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದು ಬಂದರು. ಸಿಟೌಟಿನಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ತಿರುಗಿ ನೋಡಿದರೆ ಉಮ್ಮ ಅಲ್ಲೇ ಇದ್ದಾರೆ, ಕಿಟಕಿಯ ಸರಳು ಹಿಡಿದುಕೊಂಡು.

"ಬನ್ನಿ ಉಮ್ಮ, ಬಂದರಲ್ಲ," ಎಂದೆ.

"ನೀನು ಹೋಗು ಮಗಳೇ. ನಾನು ಅವನು ಬರುದನ್ನು ನೋಡ್ತಾ ಇದ್ದೇನೆ."