ಮುತ್ಯಾನ ಪಾಲಿನ ಬಾಟಲಿ

ಪರದೇಶದಿಂದ ಬಂದ ಮರುದಿನ ಬೆಳಿಗ್ಗೆಯೂ ಎಂದಿನಂತೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಹಾಕಿ ಒಳಗೆ ಬಂದೆ. ಒಂದು ಒಲೆಯ ಮೇಲೆ ಚಹಾ, ಇನ್ನೊಂದರ ಮೇಲೆ ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟೆ. ಹೊಸ ಕೆಲಸ ಒಂದೇ ಇತ್ತು. ಎಸರು ಕುದಿಯುವಷ್ಟರಲ್ಲಿ ದೇವರ ಕೋಣೆಗೆ ಇಣುಕಿ, ದೇವರನ್ನಿಟ್ಟ ಜಗಲಿಯ ಪಕ್ಕದಲ್ಲಿದ್ದ ವಿಸ್ಕಿ ಬಾಟಲಿಯ ಮುಚ್ಚಳ ನೋಡಿದೆ. ಸೀಲು ಹಾಗೇ ಇತ್ತು. ನೋಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ನಮ್ಮದು ಜಮಖಂಡಿಯಲ್ಲಿ ಪಂಪ್‌ಸೆಟ್ ಅಂಗಡಿ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಮನೆಯೊಳಗೆ ಬಾಟಲಿ ಬಂದದ್ದೇ ಇಲ್ಲ. ಆದರೆ ನನ್ನ ಮೈದುನ ಹೊರಗೆ ಕುಡಿದು ಬರುತ್ತಿದ್ದ, ವರ್ಷಗಟ್ಟಲೆ. ಮುಧೋಳದ ಕಡೆ ಕಾರ್ಖಾನೆಗೆ ಕಬ್ಬು ಹಾಕಿ ಬರುತ್ತೇನೆಂದು ಹೋದವನನ್ನು ಒಮ್ಮೆ ಯಾರೋ ಲೋಕಾಪುರದ ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದರು. ಅವತ್ತೇ ನಮ್ಮತ್ತೆ ಹೊಳೆದಂಡೆಯ ಮುತ್ಯಾನಿಗೆ ಹರಕೆ ಹೊತ್ತದ್ದು. ಮುತ್ಯಾ ಎಂದೋ ಆಗಿಹೋದ ಸಾಧು. ಅವನ ಗದ್ದುಗೆಗೆ ಶೆರೆಯೇ, ಅಂದರೆ ಹೆಂಡವೇ, ನೈವೇದ್ಯ. "ಇಂವಾ ಕುಡಿಯೂದು ಬಿಟ್ರ ನಿನಗ ಪರದೇಶದ್ದ ಬಾಟ್ಲಿ ತಂದು ಏರಸ್ತೇನಿ" ಎಂದು ಬೇಡಿಕೊಂಡಿದ್ದರು. ದೀಪಾವಳಿಯಿಂದ ಈಚೆ ಮೈದುನ ಮುಟ್ಟಿರಲಿಲ್ಲ. ಹರಕೆ ತೀರಿಸುವ ಪಾಳಿ ನಮ್ಮದಾಯಿತು.

ಪರದೇಶ ಒದಗಿ ಬಂದದ್ದು ಪಂಪಿನ ಕಂಪನಿಯವರಿಂದ. ಡೀಲರುಗಳನ್ನು ಜೋಡಿಯಾಗಿ ಬ್ಯಾಂಕಾಕಿಗೆ ಕರೆದೊಯ್ದಿದ್ದರು. ವಾಪಸು ಬರುವಾಗ ಅಲ್ಲಿನ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಗಂಡಸರೆಲ್ಲ ಬುಟ್ಟಿ ಹಿಡಿದು ನಿಂತರು. ರಬಕವಿಯ ಡೀಲರೊಬ್ಬರು ನನ್ನ ಕಡೆ ತಿರುಗಿ, "ವೈನಿ, ತಲಿಗೆ ಎರಡು ಲೀಟರ್ ಬಿಡತಾರ. ನಿಮ್ಮ ಪಾಲಿಂದು ಸುಮ್ನ ಖಾಲಿ ಹೊಂಟೈತಿ. ನನ್ನ ಬಾಟ್ಲಿ ನಿಮ್ಮ ಹೆಸರಿಗೆ ಹಾಕ್ಲೇನ್ರಿ?" ಎಂದರು.

"ಬ್ಯಾಡ್ರಿ ಅಣ್ಣಾರ. ನಾನೂ ಒಂದು ತಗೊಳ್ಳಾಕತ್ತೇನಿ."

ನಮ್ಮವರು ಸೆಂಟಿನ ಬಾಟಲಿಗಳ ಕಡೆ ಬಹಳ ಆಸ್ಥೆಯಿಂದ ನೋಡತೊಡಗಿದರು.

"ಯಪ್ಪಾ! ಕಾನ್ವೆಂಟ್ ಸಾಲಿ ಅಂದ್ರ ಹಿಂಗ ಇರತೈತಿ ನೋಡ್ರಿ" ಎಂದು ಆ ಡೀಲರು ನಕ್ಕರು. ಹರಕೆಯ ಮಾತು ಹೇಳಿದ್ದರೆ ಮೈದುನನ ಕತೆಯನ್ನೂ ಹೇಳಬೇಕಾಗುತ್ತಿತ್ತು. ಬಾಟಲಿ ಎತ್ತಿ ಬುಟ್ಟಿಗೆ ಹಾಕಿಕೊಂಡೆ.

ಬೆಂಗಳೂರಿನಲ್ಲಿ ಇಳಿದಾಗ ಎಲ್ಲರೂ ಹಸಿರು ಫಲಕದ ಕೆಳಗೆ ಸರಸರ ದಾಟಿ ಹೋದರು. ನಾನು ಮಾತ್ರ ತಂದ ಸಾಮಾನು ತೋರಿಸಿ ಸುಂಕ ಕಟ್ಟುವವರ ಕೆಂಪು ಫಲಕದ ಕಡೆ ನಡೆದೆ. ತಂದದ್ದನ್ನು ಕೇಳುವ ಮೊದಲೇ ಹೇಳಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ದೇವರಿಗೆಂದು ತಂದ ವಸ್ತುವನ್ನು ಅವಿತುಕೊಂಡು ಒಯ್ದಂತಾಗಬಾರದು ಎಂಬ ಹೆದರಿಕೆಯೂ ಇತ್ತು. ಕಸ್ಟಮ್ಸಿನ ಅಧಿಕಾರಿ ನಡುವಯಸ್ಸಿನವರು, ಕಣ್ಣು ನಿದ್ದೆಗೆಟ್ಟಿದ್ದವು. ಬಾಟಲಿಯನ್ನು ಚೀಲದಿಂದ ತೆಗೆದು ತಿರುಗಿಸಿ ನೋಡಿದರು.

"ಇದೊಂದೇನಾ? ಇದಕ್ಕೆ ಏನೂ ಕಟ್ಟೋ ಹಾಗಿಲ್ಲಮ್ಮ. ಯಾರು ಹೇಳಿದ್ರು ಇಲ್ಲಿಗೆ ಬರೋಕೆ?"

"ಯಾರೂ ಇಲ್ರಿ. ಮುಚ್ಚಳಾ ಅಷ್ಟು ತೆಗೀಬ್ಯಾಡ್ರಿ, ದೇವರಿಗೆ ಮೀಸಲೈತಿ."

"ದೇವರಿಗಾ?"

"ಹೌದ್ರಿ. ನಮ್ಮ ಕಡೆ ಒಬ್ಬ ದೇವರು ತಗೋತಾನ."

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಒಂದೇ ಕೈಯಲ್ಲಿ ಹಿಡಿದಿದ್ದ ಬಾಟಲಿಗೆ ಇನ್ನೊಂದು ಕೈ ಸೇರಿಸಿ, ಪ್ರಸಾದ ಕೊಡುವಂತೆ ಎರಡೂ ಕೈಯಿಂದ ನನಗೆ ಕೊಟ್ಟರು. "ಹೋಗಿ ಬನ್ನಿ" ಎಂದರು. ಆ ಎರಡು ಕೈ ನನಗೆ ಈಗಲೂ ನೆನಪಾಗುತ್ತವೆ.

ಬಾಟಲಿ ಸರ್ಕಾರದ ಗಡಿಯನ್ನು ಹೀಗೆ ದಾಟಿತು. ಮನೆಯ ಹೊಸ್ತಿಲಲ್ಲೇ ನನಗೆ ತಡವರಿಕೆ. ತಿಜೋರಿಯಲ್ಲಿಟ್ಟು ಕೀಲಿ ಹಾಕಲೇ ಎಂದು ಅತ್ತೆಯನ್ನು ಕೇಳಿದೆ.

"ಯಾಕವಾ? ಕೀಲಿ ಹಾಕಿದ್ರ ಅಂವನ ಮ್ಯಾಲ ನಂಬಿಗಿ ಇಲ್ಲಂತ ನಾವ ಹೇಳಿಧಂಗ ಆತಲ್ಲ" ಎಂದು ಅವರು ಬಾಟಲಿಗೆ ವಿಭೂತಿ ಹಚ್ಚಿ ಜಗಲಿಯ ಪಕ್ಕದಲ್ಲಿಟ್ಟರು. ಹರಕೆ ತೀರಿಸುವ ಅಮಾವಾಸ್ಯೆಯವರೆಗೆ ಅದು ಅಲ್ಲೇ ಇತ್ತು. ಮೈದುನ ದಿನವೂ ಸ್ನಾನ ಮಾಡಿ ಅದರ ಮುಂದೆಯೇ ಕುಳಿತು ಲಿಂಗಪೂಜೆ ಮಾಡಿದ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಮಾಡುತ್ತಿರಲಿಲ್ಲ.

ಅಮಾವಾಸ್ಯೆಯಂದು ಊಟ ಮುಗಿಸಿ ಹೊರಟೆವು. ನಮ್ಮವರು ಅಂಗಡಿಯಲ್ಲೇ ಉಳಿದರು. ಕಾರು ಹೊಡೆದವನು ಮೈದುನ. ಹಿಂದೆ ನಾನು, ಅತ್ತೆ. ಬೀಳಗಿಯ ದಾರಿಯಲ್ಲಿ ಎರಡೂ ಕಡೆ ಕಬ್ಬು. ಅರ್ಧ ದಾರಿಗೆ ಬಂದಾಗ, ಅಲ್ಲಿಯವರೆಗೆ ಯಾರಿಗೂ ಹೊಳೆಯದ ಒಂದು ಮಾತು ನನಗೆ ಹೊಳೆಯಿತು. ಏರಿಸಿದ ಮೇಲೆ ಪೂಜಾರಿ ಅದನ್ನೇ ತೀರ್ಥವೆಂದು ಎಲ್ಲರ ಕೈಗೂ ಹಾಕುತ್ತಾನೆ. ಮೈದುನ ಬೇಡವೆಂದರೆ ಮುತ್ಯಾನಿಗೆ ಅವಮಾನ. ತೆಗೆದುಕೊಂಡರೆ? ಒಂದು ಹನಿ ನಾಲಗೆಗೆ ತಾಕಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಅವನ ಡಾಕ್ಟರು ಹೇಳಿದ್ದರು.

ಕನ್ನಡಿಯಲ್ಲಿ ಮೈದುನ ನನ್ನ ಮುಖ ನೋಡಿದ. "ವೈನಿ, ಹಂಗ್ಯಾಕ ಕುಂತೀರಿ? ಬಾಟ್ಲಿ ಯವ್ವನ ತೊಡಿಮ್ಯಾಲ ಐತಿ, ಸ್ಟೇರಿಂಗ್ ನನ್ನ ಕೈಯಾಗ ಐತಿ. ಅದಲು ಬದಲು ಆಗಿಲ್ಲ."

ಗದ್ದುಗೆಯ ಮುಂದೆ ಪೂಜಾರಿ ಸೀಲು ಒಡೆದಾಗ ಊದಿನಕಡ್ಡಿಯ ವಾಸನೆಯೂ ಅದರಲ್ಲಿ ಮುಳುಗಿಹೋಯಿತು. ನೈವೇದ್ಯ ಮುಗಿದ ಮೇಲೆ ಅತ್ತೆ ಕೈಯೊಡ್ಡಿ, ಮುಖ ಕಿವಿಚದೆ ಕುಡಿದರು. "ತೀರ್ಥ ಅದು, ಶೆರಿ ಅಲ್ಲ" ಎಂದು ನನಗೆ ಪಿಸುಗುಟ್ಟಿದರು. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ಫಾದರ್ ದ್ರಾಕ್ಷಾರಸದ ಬಟ್ಟಲು ಎತ್ತಿ ಹಿಡಿಯುವುದನ್ನು ನಾವು ಹುಡುಗಿಯರು ಬಾಗಿಲಿಂದ ಕದ್ದು ನೋಡುತ್ತಿದ್ದುದು ನೆನಪಾಯಿತು. ನಾನೂ ಕೈಯೊಡ್ಡಿ ಕುಡಿದೆ, ನಾಲಗೆ ಸುಟ್ಟಿತು.

ಆಮೇಲೆ ಮೈದುನ. ಗಂಡಸೆಂದು ಪೂಜಾರಿ ಅವನ ಬೊಗಸೆಗೆ ಧಾರಾಳವಾಗಿಯೇ ಸುರಿದ. ಆಗ ಅತ್ತೆಗೂ ಹೊಳೆದಿರಬೇಕು; ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. ಮೈದುನ ಬೊಗಸೆಯನ್ನು ನೋಡಿದ. ಬೆರಳ ಸಂದಿಯಿಂದ ಹನಿ ಸೋರುತ್ತಿತ್ತು. ಬೊಗಸೆ ಬಾಯಿಯ ಮಟ್ಟಕ್ಕೆ ಏರಿತು. ಅಲ್ಲಿ ನಿಂತಿತು. ಮತ್ತೆ ಮೇಲೇರಿತು. ಅಷ್ಟನ್ನೂ ನೆತ್ತಿಯ ಮೇಲೆ ಸುರಿದುಕೊಂಡು, ಎಣ್ಣೆ ತಿಕ್ಕಿಕೊಳ್ಳುವಂತೆ ತಿಕ್ಕಿಕೊಂಡ.

"ಅಯ್ಯ ಯಪ್ಪಾ, ಇಂಥಾ ಛಲೋ ಮಾಲು ತಲಿಗೆ ಹಚ್ಚಿಕೊಂಡ್ರಲ್ರೀ!" ಎಂದ ಪೂಜಾರಿ.

"ಹೆಂಗಿದ್ರೂ ತಲಿಗೇ ಏರತಿತ್ತಲ್ರೀ ಅದು. ನೆಟ್ಟಗ ಅಲ್ಲೇ ಮುಟ್ಟಿಸಿದೆ."

ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡು ನಕ್ಕರು. ಉಳಿದ ಬಾಟಲಿಯನ್ನು ಅಲ್ಲೇ ಬಿಟ್ಟೆವು. ಬರುವಾಗ ಕಾರಿನ ಗಾಜುಗಳನ್ನೆಲ್ಲ ಇಳಿಸಿದ್ದೆವು. ಬೆವರಿಗೆ, ಗಾಳಿಗೆ ಆ ವಾಸನೆ ಅವನ ಅಂಗಿಗೂ ಸೀಟಿಗೂ ಹತ್ತಿಕೊಂಡಿತ್ತು. ಅವನು ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದ. ಆರನೆಯ ಇಯತ್ತೆಯ ಹುಡುಗ ಪಾಸಾಗಿ ಬಂದಂತೆ.

ಮನೆಯ ಮುಂದೆ ಇಳಿಯುವಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದರು. "ಏನ್ರೀ ಕಾಕು, ಆರಾಮದೀರಿ?" ಎಂದು ಮೈದುನ ಅವರ ಹತ್ತಿರದಿಂದಲೇ ದಾಟಿ, ತಲೆ ತೊಳೆಯಲು ನೇರ ಬಚ್ಚಲಿಗೆ ಹೋದ. ಅವರು ಸೆರಗನ್ನು ಮೂಗಿಗೆ ತಂದರು. ನನ್ನ ಮುಖ ನೋಡಿದರು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಂದು ಹರಳು ಆರಿಸಿ ರಸ್ತೆಗೆ ಎಸೆದು, ಮೆಲ್ಲಗೆ ಅಂದರು:

"ಇರಲಿ ಬಿಡವಾ. ಇಷ್ಟು ದಿನಾರ ತಡಕೊಂಡಿದ್ನಲ್ಲ."