ಕಪ್ಪು ಪರದೆಯ ಮೇಡಂ

ಕಂಪ್ಯೂಟರ್ ಸೆಂಟರಿನ ಮೇಡಂಗೆ ಬಲಗೈ ತೋರುಬೆರಳಿನಲ್ಲಿ ಉಗುರೇ ಇರಲಿಲ್ಲ. ಶಟರಿಗೆ ಸಿಕ್ಕಿ ಹೋಗಿತ್ತಂತೆ. ಆ ಬೋಳು ಬೆರಳಿನಲ್ಲೇ ಟಕಟಕ ಟೈಪು ಮಾಡುವಳು. ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಎದುರು ಅವಳ ಅಂಗಡಿ. ಯಾರು ಏನು ಕೇಳಿದರೂ, “ನೀನೇ ಒತ್ತು, ಕರೆಂಟೇನು ಹೊಡಿಯಲ್ಲ” ಅನ್ನುವಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಮೇಲ್ ಕಳಿಸುವುದನ್ನು ಕಲಿಸಿದ್ದೂ ಹಾಗೆಯೇ.

ನಮ್ಮ ಹೆಂಗಸರ ಸಂಘ ಕಂಬಳಿ ಮಾರಲು ವೆಬ್‌ಸೈಟು ಮಾಡಿಸಿತ್ತು. ತೆರೆದರೆ ‘ಸುರಕ್ಷಿತವಲ್ಲ’ ಎಂದು ಬರುತ್ತಿತ್ತು. ಗಿರಾಕಿಗಳು ಹೆದರಿ ವಾಪಸು ಹೋಗುತ್ತಿದ್ದರು. ಅಂಗಡಿ ನಮ್ಮದೇ ಅನ್ನೋದಕ್ಕೊಂದು ಸರ್ಟಿಫಿಕೇಟು ಬೇಕು ಎಂದು ಮೇಡಂ ಕಪ್ಪು ಪರದೆ ತೆರೆದು ಒಂದು ಉದ್ದನೆಯ ಸಾಲು ಬರೆದಳು. ಎರಡು ಫೈಲು ಹುಟ್ಟಿದವು.

“ಇದು ಅರ್ಜಿ ಅಜ್ಜಿ, ಸರ್ಟಿಫಿಕೇಟ್ ಕೊಡೋ ಕಂಪನಿಗೆ ಕಳ್ಸು. ಇನ್ನೊಂದು ಪ್ರೈವೇಟ್ ಕೀ, ನಮ್ಮ ಬೀಗದ ಕೈ ಇದ್ದಂಗೆ,” ಎಂದು ಊಟಕ್ಕೆ ಎದ್ದಳು.

ನಮ್ಮಲ್ಲಿ ಒಂಟಿ ವೀಳ್ಯದೆಲೆ ಯಾರಿಗೂ ಕೊಡುವುದಿಲ್ಲ. ಜೊತೆಗೆ ಹುಟ್ಟಿದ್ದನ್ನು ಒಂಟಿಯಾಗಿ ಹೇಗೆ ಕಳಿಸುವುದು? ಕೀ ಕಳಿಸಬೇಡ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

“ಕಳ್ಸಿದ್ಯಾ?” ಊಟ ಮುಗಿಸಿ ಬಂದವಳು ಕೇಳಿದಳು.

“ಎರಡನ್ನೂ ಕಳ್ಸೀನಿ ಕಣವ್ವ.”

ಮೇಡಂ ನಿಂತಲ್ಲೇ ನಿಂತಳು. “ಕೀನೂ? ಅಯ್ಯೋ ಅಜ್ಜಿ! ಅದು ಸಿಕ್ಕೋರು ನಮ್ಮ ಹೆಸರಲ್ಲೇ ಅಂಗಡಿ ತೆಗೀಬೋದು. ಗಿರಾಕಿಗೆ ನಾವೇ ಅನ್ನಿಸ್ತೈತೆ.”

ನಲವತ್ತು ಹೆಂಗಸರು ನೂತ ಉಣ್ಣೆ. ನಮ್ಮ ಹೆಸರಲ್ಲಿ ಯಾವನೋ ಮಿಲ್ಲಿನ ಬಟ್ಟೆ ಮಾರಿದರೆ?

ಅವಳು ಬೈಯಲಿಲ್ಲ. ಕಂಪನಿಗೆ ಫೋನು ಮಾಡಿ ಆ ಅರ್ಜಿ ರದ್ದು ಮಾಡಿಸಿದಳು, ಎರಡೂ ಫೈಲು ಅಳಿಸಿದಳು. ಆಮೇಲೆ ಕುರ್ಚಿ ನನ್ನ ಕಡೆ ತಳ್ಳಿದಳು. “ಕುಂತ್ಕ. ಈಗ ನೀನೇ ಮಾಡು.”

“ನನ್ನ ಕೈಲಿ ಆಗ್ತೈತೇನೇ? ನಿಂಗೆ ತಲೆ ಕೆಟ್ಟೈತೆ.”

“ಕೆಡಿಸೋಕೆ ಬಂತಲ್ಲ, ಮಾಡೋಕೂ ಬರ್ತೈತೆ.”

ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಎರಡು ಗಂಟೆ ಹಿಡಿಯಿತು. ಈ ಸಲ ಅರ್ಜಿ ಮಾತ್ರ ಕಳಿಸಿದೆ, ಸರ್ಟಿಫಿಕೇಟು ಬಂತು. ಸಾಲನ್ನು ನನ್ನ ಕೈಯಲ್ಲೇ ಪುಸ್ತಕಕ್ಕೆ ಬರೆಸಿದಳು.

ಹೋದ ವರ್ಷ ಅವಳಿಗೆ ನಾಲ್ಕು ದಿನ ಜ್ವರ. ಹಿರಿಯೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಹೋದಳು. ನನ್ನ ಮಗಳ ವಯಸ್ಸು. ನಂಬಲು ಆಗಲಿಲ್ಲ, ಅಳಲೂ ಆಗಲಿಲ್ಲ.

ಅವಳು ಹೋದ ತಿಂಗಳಲ್ಲೇ ಸರ್ಟಿಫಿಕೇಟಿನ ಅವಧಿ ಮುಗಿಯಿತು. ವೆಬ್‌ಸೈಟು ಮುಚ್ಚಿಬಿಡೋಣ ಎಂದರು ಸಂಘದವರು. ನಾನು ಸೆಂಟರಿಗೆ ಹೋದೆ. ಅವಳ ಗಂಡ ಬಾಗಿಲು ತೆಗೆದುಕೊಟ್ಟ. ಪುಸ್ತಕ ನೋಡಿಕೊಂಡು ಕಪ್ಪು ಪರದೆಯಲ್ಲಿ ಸಾಲು ಬರೆದೆ. ಅರ್ಜಿ ಹೋಯಿತು, ಸಂಜೆಗೆ ಸರ್ಟಿಫಿಕೇಟು ಬಂತು. ಅವಳ ಗಂಡನೇ ಅದನ್ನು ಸೈಟಿಗೆ ಕೂರಿಸಿದ. ವೆಬ್‌ಸೈಟು ಎಚ್ಚರಿಕೆಯಿಲ್ಲದೆ ತೆರೆಯಿತು. ಖುಷಿಗೆ ಮೈಮರೆತು ಮೇಡಂ ನಂಬರಿಗೆ ಫೋನು ಒತ್ತಿಬಿಟ್ಟೆ.

ನನ್ನ ಮುಂದಿನ ಮೇಜಿನ ಖಾನೆಯೊಳಗೇ ಅದು ರಿಂಗಾಯಿತು.