ಈ ಸಲದ ವೇಷ

ಇವತ್ತು ಹೆಲ್ಮೆಟ್ಟಿನ ಬೆವರು ವಾಸನೆಗೆ ಹಲಸೂರಿನ ಹಳೆಯ ಮನೆ ನೆನಪಾಯಿತು. ಚಿಕ್ಕವಳಿದ್ದಾಗ ಅಲ್ಲಿ ಮಾವನ ಹೆಲ್ಮೆಟ್ ಹಾಕಿಕೊಂಡೇ ನಾನು ಟೀವಿಯಲ್ಲಿ ಜಪಾನಿನ ಮುಖವಾಡದ ವೀರನನ್ನು ನೋಡುತ್ತಿದ್ದೆ. ಒಂದು ಸರಣಿಯಲ್ಲಿ ಮಿಡತೆಯಂತಿದ್ದವನು ಮುಂದಿನದರಲ್ಲಿ ಡ್ರ್ಯಾಗನ್ ಆಗುತ್ತಿದ್ದ. ಹಳಬ ಸತ್ತೇಹೋದನೆಂದು ನಾನು ಅಳುತ್ತಿದ್ದೆ.

ಹೂ ಕಟ್ಟುತ್ತಿದ್ದ ಅಜ್ಜಿ, "ಎಲ್ಲೂ ಹೋಗಿಲ್ಲ ಕಣೇ ಪುಟ್ಟಿ, ಅವ್ನೇ ಇವ್ನು. ವೇಷ ಬದಲಾಯಿಸ್ಕೊಂಡು ಬಂದವ್ನೆ" ಎಂದು ಟೀವಿಗೇ ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು.

ಈಗ ಅಜ್ಜಿಗೆ ನಮ್ಮ ಯಾರ ಗುರುತೂ ಸಿಗುವುದಿಲ್ಲ. ಸಂಜೆ ಕೆ.ಆರ್. ಪುರದ ಟ್ರಾಫಿಕ್ ದಾಟಿ ಬಂದವಳು ಹೆಲ್ಮೆಟ್ ತೆಗೆಯದೆ ಅವಳೆದುರು ಕುಳಿತೆ. ತುಂಬಾ ಹೊತ್ತು ನೋಡಿದಳು.

"ಈ ಸಲ ಇದಾ ನಿನ್ ವೇಷ, ಪುಟ್ಟಿ? ಉಪ್ಪು ತಗೊಂಡ್ ಬಾ."